ಸಿಕಂದರಾಬಾದಿನ ದಂಡಿನಲ್ಲಿ ಸುರಪುರದ ದೊರೆ

ಮಲ್ಕಾಜ್‌ಗಿರಿಯಲ್ಲಿ ನೆಲೆಸಿರುವ ನಮಗೆ ಸಿಕಂದರಾಬಾದಿನ ದಂಡು ನೆರೆಮನೆಯಿದ್ದಂತೆ. ಆದರೆ ಕನ್ನಡನಾಡಿನ ದೊರೆಯೊಬ್ಬನ ವಿಚಾರಣೆ ಅಲ್ಲಿ ನಡೆದಿತ್ತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಂತಿಲ್ಲ.

ಸುರಪುರದ ರಾಜಾ ವೆಂಕಟಪ್ಪ ನಾಯಕನು 1858ರ ಫೆಬ್ರವರಿಯಲ್ಲಿ ಆಂಗ್ಲರೊಡನೆ ಕಾದಾಡಿ, ಸೋಲು ಖಚಿತವಾದಾಗ ಹೈದರಾಬಾದಿಗೆ ಬಂದನು. ದಿವಾನ ಸಾಲಾರ್ ಜಂಗನು ಆತನನ್ನು ಹಿಡಿಸಿ ರೆಸಿಡೆಂಟನಿಗೆ ಒಪ್ಪಿಸಿದನು. ಸಿಕಂದರಾಬಾದಿನಲ್ಲಿ ಸೆರೆಯಿಟ್ಟು ವಿಚಾರಿಸಿದ ಸೈನಿಕ ಆಯೋಗವು ಮರಣದಂಡನೆ ವಿಧಿಸಿತು. ರೆಸಿಡೆಂಟನು ಅದನ್ನು ಆಜೀವ ಗಡೀಪಾರಿಗೂ, ಗವರ್ನರ್ ಜನರಲನು ನಾಲ್ಕು ವರ್ಷಗಳ ಸೆರೆವಾಸಕ್ಕೂ ಇಳಿಸಿದರು. ಚೆಂಗಲ್ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿಯೇ, ಆ ವರ್ಷದ ಮೇ ತಿಂಗಳಲ್ಲಿ, ಪಿಸ್ತೂಲಿನ ಗುಂಡಿಗೆ ಆ ತರುಣನ ಜೀವ ಹೋಯಿತು. ಆತನ ಬಾಲ್ಯದಲ್ಲಿ ಸಂಸ್ಥಾನದ ಉಸ್ತುವಾರಿ ನೋಡಿಕೊಂಡಿದ್ದ ಮೆಡೋಸ್ ಟೇಲರನು ಸೆರೆಯಲ್ಲಿ ಆತನನ್ನು ಕಂಡದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶಿಕ್ಷೆ ಎರಡು ಬಾರಿ ಇಳಿಯಿತು, ನಿಜ. ಆದರೆ ಎರಡು ಬಾರಿಯೂ ಇಳಿಸಿದ್ದು ಅಧಿಕಾರಿಗಳ ಕೃಪೆಯೇ ಹೊರತು ಮೇಲಿನ ನ್ಯಾಯಾಲಯವಲ್ಲ.

ಸಾಮಾನ್ಯ ನ್ಯಾಯಾಲಯದಲ್ಲಿ ನ್ಯಾಯಾಧೀಶನು ವಾದಿ ಪ್ರತಿವಾದಿಗಳಿಬ್ಬರಿಂದಲೂ ದೂರ ನಿಂತವನು. ಆತನ ತೀರ್ಪು ತಪ್ಪಿದರೆ ಮೇಲ್ಮನವಿಯುಂಟು. ಕೋರ್ಟ್ ಮಾರ್ಷಲಿನಲ್ಲಿ ಸೇನಾಧಿಕಾರಿಗಳೇ ನ್ಯಾಯಾಧೀಶರು. ಅಪರಾಧದ ನಿರ್ಣಯದಷ್ಟೇ ಪಡೆಯ ಶಿಸ್ತೂ ಅಲ್ಲಿ ಮುಖ್ಯ. ಕಚೇರಿಯ ಗುಮಾಸ್ತೆ ಹೇಳದೆ ಕೇಳದೆ ಗೈರುಹಾಜರಾದರೆ ಮೆಮೊ ಬಂದೀತು. ಸೈನಿಕನಿಗಾದರೆ ಸೆರೆಮನೆಯೇ ಕಾದಿರಬಹುದು. ಗಡಿ ಕಾಯುವ ಪಡೆಗೆ ಇಂತಹ ಬಿಗಿ ಅವಶ್ಯವೆಂಬುದನ್ನು ನಾವು ಒಪ್ಪಬೇಕು. ಆದರೆ ಸುರಪುರದ ದೊರೆ ಕಂಪನಿಯ ಸೈನಿಕನಾಗಿರಲಿಲ್ಲ. ಸೈನಿಕನಲ್ಲದವನನ್ನು ಆ ಪೀಠದ ಮುಂದೆ ನಿಲ್ಲಿಸಿದಾಗ ಶಿಸ್ತಿನ ಆ ಸಮರ್ಥನೆಯೂ ಉಳಿಯದು.

ಸ್ವತಂತ್ರ ಭಾರತದ 1950ರ ಸೇನಾ ಕಾಯಿದೆ ಈ ಗೆರೆಯನ್ನು ಸ್ಪಷ್ಟಪಡಿಸಿತು. ಸೈನಿಕನು ನಾಗರಿಕನನ್ನು ಕೊಂದರೆ, ಯುದ್ಧಸೇವೆಯಂತಹ ಸಂದರ್ಭಗಳನ್ನು ಬಿಟ್ಟು, ವಿಚಾರಣೆ ಸಾಮಾನ್ಯ ನ್ಯಾಯಾಲಯದಲ್ಲಿಯೇ ಆಗಬೇಕು. ಆದರೂ ಕೋರ್ಟ್ ಮಾರ್ಷಲಿನ ತೀರ್ಪಿನ ಮೇಲೆ ಒಂದು ಅಪೀಲೂ ಇಲ್ಲವೆಂಬ ಕೊರತೆ ಉಳಿದೇ ಇತ್ತು. ಸುಪ್ರೀಂ ಕೋರ್ಟು 1982ರಲ್ಲಿ ಇದನ್ನು ಎತ್ತಿ ತೋರಿಸಿತು. 2007ರಲ್ಲಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕಾಯಿದೆಯಾಯಿತು. 2009ರಲ್ಲಿ ಮಂಡಳಿ ಕಾರ್ಯಾರಂಭ ಮಾಡಿತು.

ಶಿಸ್ತು ಬೇಕು, ಶಿಸ್ತಿನ ಹೆಸರಿನಲ್ಲಿ ತಪ್ಪಾದಾಗ ಕೇಳುವವರೂ ಬೇಕು. ಸೈನ್ಯಕ್ಕೆ ಮಕ್ಕಳನ್ನು ಕಳುಹಿಸಿರುವ ಮನೆಗಳು ನಮ್ಮ ನಡುವೆಯೂ ಇವೆ. ಅವರಿಗೆ ಕೃಪೆಗಿಂತ ಹಕ್ಕು ದೊಡ್ಡದು.