ತಲೆಬರಹದ ಲೆಕ್ಕ, ಒಡಲಿನ ಲೆಕ್ಕ

ಶಾಲೆಯ ದಾಖಲಾತಿ ವಹಿಯನ್ನು ಬಲ್ಲವರಿಗೆ ಡಿಬೇಸ್ ತಂತ್ರಾಂಶದ ಕಡತ ಅಪರಿಚಿತವೇನಲ್ಲ. ವಹಿಯ ನೆತ್ತಿಯಲ್ಲಿ ಹೆಸರು, ತಂದೆಯ ಹೆಸರು, ಜನ್ಮದಿನಾಂಕ ಎಂಬ ಕಲಂಗಳು. ಕೆಳಗೆ ಮಕ್ಕಳ ವಿವರಗಳು. ಜನ್ಮದಿನಾಂಕದ ಕಲಮಿನಲ್ಲಿ ತಂದೆಯ ಹೆಸರು ಕಂಡರೆ ಯಾವ ಗುಮಾಸ್ತರಾದರೂ ಲೇಖನಿ ಕೆಳಗಿಡುತ್ತಾರೆ. ಯಂತ್ರ ಹಾಗಲ್ಲ, ತಲೆಬರಹ ಹೇಳಿದ್ದನ್ನೇ ಅದು ನಂಬುತ್ತದೆ.

ಈ ತಂತ್ರಾಂಶದ ಮೂಲ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದೆ. ಬಾಹ್ಯಾಕಾಶ ಸಂಶೋಧನೆಗೆ ಹೆಸರಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿದ್ದ ವೇಯ್ನ್ ರಾಟ್ಲಿಫ್, 1978ರ ಸುಮಾರಿಗೆ, ಕಚೇರಿಯ ಗೆಳೆಯರ ಫುಟ್‌ಬಾಲ್ ಬಾಜಿಯ ಅಂಕಿಅಂಶಗಳಿಗಾಗಿ ಮನೆಯ ಪುಟ್ಟ ಗಣಕದಲ್ಲಿ ಇದನ್ನು ಬರೆಯತೊಡಗಿದರು. ಮೊದಲ ಹೆಸರು ವಲ್ಕನ್. ಜಾರ್ಜ್ ಟೇಟ್ ಮತ್ತು ಹಾಲ್ ಲ್ಯಾಶ್ಲಿ ಅದನ್ನು ಮಾರುಕಟ್ಟೆಗೆ ತಂದಾಗ ಡಿಬೇಸ್ 2 ಎಂದು ಕರೆದರು. ಡಿಬೇಸ್ 1 ಎಂಬುದು ಇರಲೇ ಇಲ್ಲ! ಸಂಸ್ಥೆಗೆ ಆಷ್ಟನ್-ಟೇಟ್ ಎಂದು ಹೆಸರಿಟ್ಟರು. ಆಷ್ಟನ್ ಎಂಬ ಪಾಲುದಾರರೂ ಇರಲಿಲ್ಲ. ತಲೆಬರಹವನ್ನು ಪೂರ್ತಿ ನಂಬಬಾರದೆಂಬ ಸೂಚನೆ ಡಬ್ಬಿಯ ಮೇಲೆಯೇ ಇತ್ತೆನ್ನಬಹುದು.

1984ರ ಡಿಬೇಸ್ 3ರ ಕಡತರೂಪವೇ ಮುಂದೆ ಫಾಕ್ಸ್‌ಪ್ರೊ ಮೊದಲಾದವುಗಳಿಗೂ ತಳಹದಿಯಾಯಿತು. ಕಡತದ ಆರಂಭದಲ್ಲಿ 32 ಬೈಟುಗಳ ಪೀಠಿಕೆ. ದಾಖಲೆಗಳೆಷ್ಟು, ಒಂದೊಂದರ ಉದ್ದವೆಷ್ಟು ಎಂಬುದು ಅಲ್ಲಿರುತ್ತದೆ. ಅನಂತರ ಪ್ರತಿ ಕಲಮಿಗೂ 32 ಬೈಟು: ಗರಿಷ್ಠ 10 ಅಕ್ಷರಗಳ ಹೆಸರು, ಪಠ್ಯವೋ ಸಂಖ್ಯೆಯೋ ದಿನಾಂಕವೋ ಎಂಬ ಗುರುತು, ಅಗಲ. ಕೊನೆಗೊಂದು ಮುಕ್ತಾಯದ ಬೈಟು. ಬಳಿಕ ದಾಖಲೆಗಳು ಒಂದರ ಬೆನ್ನಿಗೊಂದು ಸಾಗುತ್ತವೆ, ನಡುವೆ ಗೆರೆಯಿಲ್ಲ, ಅಲ್ಪವಿರಾಮವಿಲ್ಲ. ಹೆಸರಿನ ಅಗಲ 30 ಇದ್ದದ್ದು ತಲೆಬರಹದಲ್ಲಿ 25 ಎಂದಾದರೆ, ಹೆಸರಿನ ಬಾಲ ತಂದೆಯ ಕಲಮಿಗೆ ಜಾರುತ್ತದೆ, ತಂದೆಯ ಹೆಸರು ದಿನಾಂಕಕ್ಕೆ ನುಗ್ಗುತ್ತದೆ. ಒಡಲಿನ ಒಂದಕ್ಷರವೂ ಕೆಟ್ಟಿರುವುದಿಲ್ಲ, ಓದುವ ಅಳತೆಗೋಲು ಮಾತ್ರ ಕೆಟ್ಟಿರುತ್ತದೆ.

ಕನ್ನಡದಲ್ಲಿ ಮತ್ತೊಂದು ತೊಡಕು. ಅಗಲವನ್ನು ಎಣಿಸುವುದು ಬೈಟಿನಲ್ಲಿ. ಇಸ್ಕಿ ಸಂಕೇತದಲ್ಲಿ ‘ಶ್ರೀ’ ಎಂಬ ಒಂದಕ್ಷರಕ್ಕೇ ನಾಲ್ಕು ಬೈಟು ಬೇಕು. 30 ಎಂದು ಹೇಳಿದ ಕಲಮಿನಲ್ಲಿ ಎಷ್ಟೋ ಹೆಸರುಗಳು ಹಾಗೆ ಮೊಟಕಾದವು.

ತೊಂಬತ್ತರ ದಶಕದ ಕೊನೆಯಲ್ಲಿ ನಾನಿದ್ದ ಶಾಲೆಯೊಂದರಲ್ಲಿ ವಿದ್ಯಾರ್ಥಿವೇತನದ ಪಟ್ಟಿ ಫಾಕ್ಸ್‌ಪ್ರೊದಲ್ಲಿತ್ತು. ಹೆಸರುಗಳನ್ನು ಸೇರಿಸುತ್ತಿದ್ದಾಗ ವಿದ್ಯುತ್ ಹೋಯಿತು. ಮರಳಿ ತೆರೆದಾಗ ಗಣಕ 412 ಎಂದಿತು. ಕೈಬರಹದ ವಹಿಯಲ್ಲಿ 431 ಇದ್ದವು. ಹತ್ತೊಂಬತ್ತು ಮಕ್ಕಳು ಮಾಯ! ಮರುದಿನವೇ ಪಟ್ಟಿ ಕಳುಹಿಸಬೇಕಿತ್ತು, ಅವರಲ್ಲಿ ಹೆಚ್ಚಿನವರು ಕೂಲಿಕಾರರ ಮಕ್ಕಳು. ಹೊಸ ಹೆಸರುಗಳು ಡಿಸ್ಕಿಗೆ ಸೇರಿದ್ದರೂ ಪೀಠಿಕೆಯ ಸಂಖ್ಯೆ ತಿದ್ದುಪಡಿಯಾಗುವ ಮೊದಲೇ ವಿದ್ಯುತ್ ಕೈಕೊಟ್ಟರೆ ಹೀಗಾಗುತ್ತದೆ.

ನಮ್ಮ ಗಣಿತದ ಮೇಷ್ಟ್ರು ಕಾಗದ ಹಿಡಿದು ಕುಳಿತರು. ಆರು ಕಲಂ, ತಲೆಬರಹ 32 + 192 + 1, ಅಂದರೆ 225. ಕಲಮುಗಳ ಅಗಲ 81, ಅಳಿಸಿದ ಗುರುತಿಗೆ ಮೀಸಲಾದ ಒಂದು ಬೈಟು ಸೇರಿ 82. ಕಡತದ ಗಾತ್ರ 35,568. ಅದರಲ್ಲಿ 225ನ್ನೂ ಕಡತಾಂತ್ಯದ ಒಂದನ್ನೂ ಕಳೆದರೆ 35,342. 82ರಿಂದ ಭಾಗಿಸಿದರೆ ಶೇಷವಿಲ್ಲದೆ 431. ಮಕ್ಕಳೆಲ್ಲ ಒಳಗೇ ಇದ್ದರು! ಕಡತದ ಪ್ರತಿಯೊಂದನ್ನು ತೆಗೆದಿಟ್ಟು, ಪೀಠಿಕೆಯ ಐದನೆಯ ಬೈಟನ್ನು 156ರಿಂದ 175ಕ್ಕೆ ತಿದ್ದಿದರು. 412 ಎಂದರೆ 256 ಮತ್ತು 156, 431 ಎಂದರೆ 256 ಮತ್ತು 175. ಹಾಗಾಗಿ ತಿದ್ದಬೇಕಾದದ್ದು ಆ ಒಂದೇ ಬೈಟು.

ಕಡತ ತೆರೆಯುವಾಗಲೇ ಗಾತ್ರಕ್ಕೂ ಪೀಠಿಕೆಯ ಸಂಖ್ಯೆಗೂ ತಾಳೆ ನೋಡುವ ವ್ಯವಸ್ಥೆಯನ್ನು 2003ರ ವಿಷುಯಲ್ ಫಾಕ್ಸ್‌ಪ್ರೊ 8ರಲ್ಲಿ ಅಳವಡಿಸಿದರು. ಅದು ಬರುವ ಹೊತ್ತಿಗೆ ಆ ಹತ್ತೊಂಬತ್ತು ಮಂದಿ ಹತ್ತನೆಯ ತರಗತಿ ಮುಗಿಸಿ ಹೋಗಿದ್ದರು. ಅವರಲ್ಲಿ ಇಬ್ಬರು ಈಗಲೂ ಈ ಪುಟ ಓದುತ್ತಾರೆ. ತಮ್ಮ ಹೆಸರು ಒಂದು ಸಂಜೆಯ ಮಟ್ಟಿಗೆ ಕಾಣೆಯಾಗಿತ್ತೆಂಬುದು ಅವರಿಗೆ ಇಂದೇ ತಿಳಿಯುತ್ತಿರಬೇಕು.