ಕಿಟಕಿಯಾಚೆಯ ತೊಟ್ಟಿ: ಬೆಂಗಳೂರು, 1883

(1/7)
ಬೇಸಿಗೆ ರಜೆ. ಮಕ್ಕಳನ್ನ ಕರ್ಕೊಂಡು ಬೆಂಗಳೂರಿಗೆ ಬಂದಿದ್ದೀರಿ. ಬೆಳಗ್ಗೆ ಲಾಲ್‌ಬಾಗ್, ಮಧ್ಯಾಹ್ನ ವಿಶ್ವೇಶ್ವರಯ್ಯ ಮ್ಯೂಸಿಯಂ, ಸಂಜೆ ಕಬ್ಬನ್ ಪಾರ್ಕ್. ಸುಸ್ತಾಗಿ ನೆಂಟರ ಮನೆಯಲ್ಲಿ ದೀಪ ಆರಿಸಿ ಮಲಗ್ತೀರಿ. ಎರಡೇ ನಿಮಿಷ. ಕಿವಿ ಹತ್ರ ಗುಂಯ್ ಅನ್ನೋ ಸದ್ದು! ಎದ್ದು ದೀಪ ಹಾಕಿದ್ರೆ ಒಂದೂ ಕಾಣಲ್ಲ. ಆರಿಸಿದ್ರೆ ಮತ್ತೆ ಅದೇ ಸಂಗೀತ.

"ಬೆಂಗಳೂರಲ್ಲಿ ಇದೆಲ್ಲ ಇದ್ದಿದ್ದೇ, ಅಡ್ಜಸ್ಟ್ ಮಾಡ್ಕೊಳ್ಳಿ" ಅಂತಾರೆ ಮನೆಯವರು. ಇದೇ ಊರಲ್ಲಿ, ಸುಮಾರು ನೂರ ನಲವತ್ತು ವರ್ಷಗಳ ಹಿಂದೆ, ಇದೇ ಮಾತನ್ನ ಕೇಳಿಸಿಕೊಂಡ ಒಬ್ಬ ಯುವಕನ ಕಥೆ ಇವತ್ತು.

(2/7)
1883. ದಂಡಿನ ಬೆಂಗಳೂರು. ಇಂಡಿಯನ್ ಮೆಡಿಕಲ್ ಸರ್ವೀಸಿನ ಡಾಕ್ಟರ್ ರೊನಾಲ್ಡ್ ರಾಸ್ ಹಂಗಾಮಿ ಗ್ಯಾರಿಸನ್ ಸರ್ಜನ್ ಆಗಿ ಇಲ್ಲಿಗೆ ಬರ್ತಾನೆ. ಹುಟ್ಟಿದ್ದು 1857ರಲ್ಲಿ, ಹಿಮಾಲಯದ ಅಲ್ಮೋರಾದಲ್ಲಿ. ಆಗಿನ್ನೂ ಹೆಸರು ಮಾಡಿದವನಲ್ಲ. ಕವಿತೆ, ಗಣಿತದ ಮೇಲೇ ಹೆಚ್ಚು ಪ್ರೀತಿ.

ಊರು ಚೆನ್ನಾಗಿತ್ತು, ಬಂಗಲೆಯೂ ಸಿಕ್ಕಿತ್ತು. ಕಾಟ ಒಂದೇ, ಸೊಳ್ಳೆ. ಎಲ್ಲಿಂದ ಬರ್ತಿವೆ ಅಂತ ಹುಡುಕಿದ. ಕಿಟಕಿಯ ಹೊರಗೇ ಒಂದು ನೀರಿನ ತೊಟ್ಟಿ ಇತ್ತು. ಬಗ್ಗಿ ನೋಡಿದರೆ ನೀರಿನ ತುಂಬ ಕೊಂಕಾಡುವ ಸಣ್ಣ ಹುಳುಗಳು, ಅಂದ್ರೆ ಸೊಳ್ಳೆಯ ಮರಿಗಳು. ತೊಟ್ಟಿಯನ್ನ ಬೋರಲು ಹಾಕಿಸಿದ. ಸೊಳ್ಳೆ ಕಡಿಮೆಯಾದವು.

ಅಷ್ಟೇ ಕಥೆ. ಔಷಧಿಯಿಲ್ಲ, ಹೊಗೆಯಿಲ್ಲ, ಯಂತ್ರವಿಲ್ಲ.

(3/7)
ಮುಂದಿನದು ಇನ್ನೂ ಮಜವಾಗಿದೆ. ರಾಸ್ ಈ ಖುಷಿಯನ್ನ ಅಲ್ಲಿನ ಅಡ್ಜುಟೆಂಟ್ ಅಧಿಕಾರಿಗೆ ಹೇಳ್ತಾನೆ: ಮಿಕ್ಕ ಕಡೆಯೂ ನಿಂತ ನೀರು ತೆಗೆಸಿ, ಸೊಳ್ಳೆ ಹೋಗ್ತವೆ. ಆತ ಒಪ್ಪಲ್ಲ. ಇದು ಪ್ರಕೃತಿಯ ನಿಯಮವನ್ನ ಕೆಡಿಸಿದ ಹಾಗೆ, ಸೊಳ್ಳೆ ಸೃಷ್ಟಿಯಾಗಿರೋದು ಯಾವುದೋ ಉದ್ದೇಶಕ್ಕೆ, ನಾವು ಸಹಿಸ್ಕೋಬೇಕು ಅನ್ನೋದು ಅವನ ವಾದ! ರಾಸ್ ತನ್ನ ಆತ್ಮಕಥೆಯಲ್ಲಿ ಇದನ್ನ ಬರೆದುಕೊಂಡಿದ್ದಾನೆ.

ನಗು ಬಂತಾ? ನಮ್ಮ "ಅಡ್ಜಸ್ಟ್ ಮಾಡ್ಕೊಳ್ಳಿ"ಗೂ ಇದಕ್ಕೂ ಎಷ್ಟು ದೂರ ಹೇಳಿ?

(4/7)
ಒಂದು ಮಾತು ನೆನಪಿರಲಿ. 1883ರಲ್ಲಿ ಸೊಳ್ಳೆ ಮಲೇರಿಯಾ ಹರಡುತ್ತೆ ಅನ್ನೋದು ರಾಸ್‌ಗೂ ಗೊತ್ತಿರಲಿಲ್ಲ. ಮಲೇರಿಯಾ ಅನ್ನೋ ಹೆಸರಿನ ಅರ್ಥವೇ ಇಟಾಲಿಯನ್ ಭಾಷೆಯಲ್ಲಿ "ಕೆಟ್ಟ ಗಾಳಿ". ಜೌಗಿನ ಗಾಳಿಯಿಂದ ಜ್ವರ ಬರುತ್ತೆ ಅಂತ ಜನ ನಂಬಿದ್ದ ಕಾಲ. ಲಾವೆರಾನ್ 1880ರಲ್ಲಿ ರೋಗಿಯ ರಕ್ತದಲ್ಲಿ ಪರಾವಲಂಬಿಯನ್ನ ಕಂಡಿದ್ದರೂ, ಅದು ಒಬ್ಬರಿಂದ ಒಬ್ಬರಿಗೆ ಹೇಗೆ ಹೋಗುತ್ತೆ ಅನ್ನೋದು ಒಗಟಾಗಿಯೇ ಇತ್ತು.

1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯ ರಾಸ್‌ಗೆ ಸೊಳ್ಳೆಯ ಮೇಲೆ ಅನುಮಾನ ಹುಟ್ಟಿಸಿದ. 1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದು ಸೊಳ್ಳೆಗಳನ್ನ ಕುಯ್ದು ನೋಡೋಕೆ ಶುರುಮಾಡಿದ. ನಡುವೆ ಕಾಲರಾ ಕೆಲಸಕ್ಕೆ ಮತ್ತೆ ಬೆಂಗಳೂರು. ಊಟಿ ಕಡೆ ಹೋದಾಗ ಅವನಿಗೇ ಮಲೇರಿಯಾ!

ಕೊನೆಗೆ 1897ರ ಆಗಸ್ಟ್ 20. ಸಿಕಂದರಾಬಾದಿನಲ್ಲಿ, ಚುಕ್ಕೆ ರೆಕ್ಕೆಯ ಸೊಳ್ಳೆಯೊಂದರ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾದ ಕುರುಹು ಕಣ್ಣಿಗೆ ಬಿತ್ತು. ಆ ದಿನವೇ ಇವತ್ತಿನ ವಿಶ್ವ ಸೊಳ್ಳೆ ದಿನ. 1902ರಲ್ಲಿ ನೊಬೆಲ್ ಬಂತು.

(5/7)
ಆ ಸೊಳ್ಳೆ ಕುಡಿದಿದ್ದು ಯಾರ ರಕ್ತ ಗೊತ್ತಾ? ಹುಸೇನ್ ಖಾನ್ ಅನ್ನೋ ಮಲೇರಿಯಾ ರೋಗಿಯದು. ಸೊಳ್ಳೆಪರದೆಯೊಳಗೆ ಮಲಗಿ ಕಚ್ಚಿಸಿಕೊಂಡಿದ್ದಕ್ಕೆ ಕೂಲಿ: ಸೊಳ್ಳೆಗೆ ಒಂದಾಣೆ. ಸೊಳ್ಳೆ ಒಳಗೆ ಬರಬಾರದು ಅಂತ ನಾವು ಕಟ್ಟೋ ಪರದೆ, ಅವನಿಗೆ ಸೊಳ್ಳೆ ಹೊರಗೆ ಹೋಗಬಾರದು ಅಂತ ಕಟ್ಟಿದ್ದು. ನೊಬೆಲ್ ಕಥೆ ಹೇಳುವಾಗ ಈ ಹೆಸರನ್ನೂ ಒಮ್ಮೆ ಹೇಳಿಬಿಡೋಣ.

ರಾಸ್ ಮಾತ್ರ ಆ ತೊಟ್ಟಿಯ ಪಾಠ ಬಿಡಲಿಲ್ಲ. 1901ರಲ್ಲಿ ಪಶ್ಚಿಮ ಆಫ್ರಿಕಾದ ಫ್ರೀಟೌನಿನಲ್ಲಿ ಆಳುಗಳ ತಂಡ ಕಟ್ಟಿ ಒಡೆದ ಬಾಟಲಿ, ಡಬ್ಬ ಹೆಕ್ಕಿಸಿ, ನೀರಿನ ಗುಂಡಿ ಮುಚ್ಚಿಸಿದ. ಮರುವರ್ಷ ಸೂಯೆಜ್ ಕಾಲುವೆಯ ಇಸ್ಮಾಯಿಲಿಯಾ ಊರಿಗೆ ಹೋಗಿ ಇದೇ ದಾರಿ ಹೇಳಿಕೊಟ್ಟ; ಅಲ್ಲಿ ಮಲೇರಿಯಾ ತೀರಾ ಇಳಿಯಿತು.

(6/7)
ಅದೇ ಕಾಲದಲ್ಲಿ ಜಪಾನಿನಲ್ಲಿ ಇನ್ನೊಂದು ದಾರಿ ತೆರೆಯಿತು. ಎಯಿಚಿರೊ ಉಯೆಯಾಮಾ ಎಂಬ ವ್ಯಾಪಾರಿ ಸೇವಂತಿಗೆ ಜಾತಿಯ ಒಂದು ಹೂವಿನ ಪುಡಿಯಿಂದ 1890ರಲ್ಲಿ ಸೊಳ್ಳೆ ಊದುಬತ್ತಿ ಮಾಡಿದ. ಆದರೆ ಅದು ಬೇಗ ಉರಿದುಹೋಗ್ತಿತ್ತು. ಸುರುಳಿ ಸುತ್ತಿದರೆ ರಾತ್ರಿಯಿಡೀ ಬರುತ್ತೆ ಅನ್ನೋ ಐಡಿಯಾ ಕೊಟ್ಟಿದ್ದು ಹೆಂಡತಿ ಯುಕಿ. 1902ರಲ್ಲಿ ಸುರುಳಿ ಮಾರುಕಟ್ಟೆಗೆ ಬಂತು.

ಸುರುಳಿ ಒಂದು ರಾತ್ರಿಯನ್ನ ಕಾಪಾಡುತ್ತೆ. ತೊಟ್ಟಿ ಬೋರಲು ಹಾಕಿದ್ರೆ ಮುಂದಿನ ವಾರದ ಸೊಳ್ಳೆ ಹುಟ್ಟೋದೇ ಇಲ್ಲ. ವ್ಯತ್ಯಾಸ ಇಷ್ಟೇ, ಆದರೆ ನಾವು ದುಡ್ಡು ಹಾಕೋದೆಲ್ಲ ಮೊದಲನೆಯದಕ್ಕೆ.

(7/7)
ಮಳೆಯಿಲ್ಲದ ಬೇಸಿಗೆಯಲ್ಲಿ ಸೊಳ್ಳೆ ಎಲ್ಲಿಂದ ಬರುತ್ತೆ ಅಂತೀರಾ? ನಲ್ಲಿ ದಿನಾ ಬರಲ್ಲ, ಹಾಗಾಗಿ ಡ್ರಮ್, ಬಕೆಟ್, ಸಂಪು ಎಲ್ಲ ತುಂಬಿಡ್ತೀವಿ. ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ಬೇಕಾದದ್ದು ಅಂಥ ನಿಂತ, ತಿಳಿ ನೀರೇ. ಬಿಸಿಲಿದ್ದರೆ ಮೊಟ್ಟೆಯಿಂದ ಸೊಳ್ಳೆಯಾಗೋಕೆ ವಾರ, ಹತ್ತು ದಿನ ಸಾಕು. ಮೊಟ್ಟೆ ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತೆ. ಅದಕ್ಕೇ ನೀರು ಚೆಲ್ಲಿದರೆ ಸಾಲದು, ಗೋಡೆ ಉಜ್ಜಬೇಕು.

ಹಾಗಾಗಿ ಟ್ರಿಪ್ಪಿಗೆ ಹೋದಾಗ, ಬ್ಯಾಗು ಇಳಿಸಿದ ಕೂಡ್ಲೇ ಐದು ನಿಮಿಷ ರಾಸ್ ಆಗಿ. ಕಿಟಕಿಯಾಚೆ ಬಗ್ಗಿ ನೋಡಿ. ಹೂಕುಂಡದ ತಟ್ಟೆ, ಕೂಲರ್, ಫ್ರಿಜ್ಜಿನ ಹಿಂದಿನ ಟ್ರೇ, ಮೂಲೆಯ ಬಕೆಟ್. ಚೆಲ್ಲೋದನ್ನ ಚೆಲ್ಲಿ, ಮುಚ್ಚೋದನ್ನ ಮುಚ್ಚಿ. ನೆಂಟರ ಮನೆಯಾದರೆ ಕೇಳಿಯೇ ಮಾಡಿ, ಬೇಸರ ಮಾಡ್ಕೊಳ್ಳಲ್ಲ! ಈಡಿಸ್ ಕಚ್ಚೋದು ಹಗಲಲ್ಲಿ, ಹೆಚ್ಚಾಗಿ ಬೆಳಗ್ಗೆ ಮತ್ತು ಸಂಜೆ. ಮಕ್ಕಳ ಹಗಲು ನಿದ್ದೆಗೂ ಪರದೆ ಇರಲಿ. ಸುರುಳಿ ಹಚ್ಚಿದರೆ ಕಿಟಕಿ ತೆಗೆದಿಡಿ. ಊರಿಗೆ ಮರಳಿ ಎರಡು ವಾರದೊಳಗೆ ಜ್ವರ ಬಂದರೆ ಡಾಕ್ಟರಿಗೆ ಪ್ರವಾಸದ ಮಾತು ಹೇಳಿ; ಡೆಂಗಿ ಅಲ್ಲ ಅಂತ ಖಾತ್ರಿಯಾಗೋವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ.

ಅಡ್ಜುಟೆಂಟ್ ಸಾಹೇಬರ ಹೆಸರು ಇವತ್ತು ಯಾರಿಗೂ ನೆನಪಿಲ್ಲ. ಆದರೆ ಅವರ ಮಾತು ನಮ್ಮ ಮನೆಗಳಲ್ಲಿ ಇನ್ನೂ ಓಡಾಡ್ತಿದೆ. ನಿಮ್ಮ ಕಿಟಕಿಯಾಚೆ ಏನಿದೆ? ನೋಡಿ ಬಂದು ಕಾಮೆಂಟಲ್ಲಿ ಹೇಳಿ. ರಜೆಗೆ ಹೊರಟಿರೋ ಗೆಳೆಯರಿಗೂ ಕಳಿಸಿ.

#ಬೆಂಗಳೂರಿನಕಥೆ #ಇತಿಹಾಸ #ಬೇಸಿಗೆರಜೆ