1957: ಕಾರ್ಟೂನಿಗೆ ಮಾತು ಹೆಚ್ಚಿದ ವರ್ಷ

ಕಾರ್ಟೂನ್ ಚಿತ್ರಗಳ ಇತಿಹಾಸ ಹೇಳುವವರು ಸಾಮಾನ್ಯವಾಗಿ ಮೂರು ವರ್ಷಗಳನ್ನು ಎತ್ತಿ ಹೇಳುತ್ತಾರೆ. 1928ರಲ್ಲಿ ಮಿಕ್ಕಿ ಮೌಸ್ ಧ್ವನಿಯೊಂದಿಗೆ ತೆರೆಗೆ ಬಂದ. 1937ರಲ್ಲಿ ವಾಲ್ಟ್ ಡಿಸ್ನಿಯ 'ಸ್ನೋ ವೈಟ್' ಬಂತು. 1995ರಲ್ಲಿ ಪೂರ್ತಿ ಕಂಪ್ಯೂಟರಿನಲ್ಲಿಯೇ ತಯಾರಾದ 'ಟಾಯ್ ಸ್ಟೋರಿ' ಬಂತು. ಈ ಮೂರೂ ದೊಡ್ಡ ವರ್ಷಗಳೇ, ಅದರಲ್ಲಿ ಸಂಶಯವಿಲ್ಲ. ಆದರೆ ಇಂದು ನಮ್ಮ ಶಾಲೆಯ ಮಕ್ಕಳು ಮನೆಯಲ್ಲಿ ಕುಳಿತು ನೋಡುವ ಟಿ.ವಿ. ಕಾರ್ಟೂನು ಈಗಿನ ರೂಪಕ್ಕೆ ಹೇಗೆ ಬಂತು ಎಂದು ತಿಳಿಯಬೇಕಾದರೆ 1957ನ್ನು ನೋಡಬೇಕು. ಆ ವರ್ಷ ಅಮೇರಿಕೆಯಲ್ಲಿ ಒಂದು ದೊಡ್ಡ ಬಾಗಿಲು ಮುಚ್ಚಿತು, ಒಂದು ಚಿಕ್ಕ ಬಾಗಿಲು ತೆರೆಯಿತು. ನಮ್ಮ ಮುಂಬಯಿಯಲ್ಲಿ ಒಂದು ಜಿಂಕೆ ಬಣ್ಣದಲ್ಲಿ ಓಡಿತು. ಕನ್ನಡ ಶಾಲೆಯವರಾದ ನಮಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ, ಕೊನೆಗೆ ಹೇಳುತ್ತೇವೆ.

ಏಳು ನಿಮಿಷಕ್ಕೆ ಎಷ್ಟು ಚಿತ್ರ?

ಮೊದಲು ಸ್ವಲ್ಪ ಗಣಿತ ಮಾಡೋಣ. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ನಮ್ಮ ಕಣ್ಣ ಮುಂದೆ ಹಾದುಹೋಗುತ್ತವೆ. ಕಾರ್ಟೂನಿನಲ್ಲಿ ಸಾಮಾನ್ಯವಾಗಿ ಒಂದೊಂದು ಚಿತ್ರವನ್ನು ಎರಡೆರಡು ಸಲ ಫೋಟೋ ತೆಗೆಯುತ್ತಾರೆ. ಅಂದರೆ ಸೆಕೆಂಡಿಗೆ 12 ಚಿತ್ರ. ಏಳು ನಿಮಿಷವೆಂದರೆ 420 ಸೆಕೆಂಡು. 420ನ್ನು 12ರಿಂದ ಗುಣಿಸಿದರೆ 5,040 ಆಯಿತು. ಇದು ತೆರೆಯ ಮೇಲೆ ಒಂದೇ ಪ್ರಾಣಿ ಓಡಾಡಿದರೆ ಬರುವ ಲೆಕ್ಕ. ಬೆಕ್ಕಿನ ಜೊತೆ ಇಲಿಯೂ ಓಡಿದರೆ, ಅವುಗಳ ಹಿಂದೆ ನಾಯಿಯೂ ಬಂದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ನೀವೇ ಊಹಿಸಿ. ಇವೆಲ್ಲವನ್ನೂ ಕೈಯಿಂದಲೇ ಬರೆಯಬೇಕು, ಪಾರದರ್ಶಕ ಹಾಳೆಗೆ ಇಳಿಸಬೇಕು, ಬಣ್ಣ ತುಂಬಬೇಕು.

ಹೀಗೆ ಕಷ್ಟಪಟ್ಟು ಮಾಡಿದ ಚಿತ್ರಗಳಲ್ಲಿ ಬಹಳ ಹೆಸರಾದದ್ದು 'ಟಾಮ್ ಅಂಡ್ ಜೆರ್ರಿ'. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಎಂಬ ಇಬ್ಬರು ಎಂ.ಜಿ.ಎಂ. ಸ್ಟುಡಿಯೋದಲ್ಲಿ 1940ರಲ್ಲಿ ಈ ಬೆಕ್ಕು-ಇಲಿಯನ್ನು ಹುಟ್ಟಿಸಿದರು. 1943ರಿಂದ 1952ರೊಳಗೆ ಈ ಮಾಲಿಕೆಗೆ ಏಳು ಆಸ್ಕರ್ ಪ್ರಶಸ್ತಿಗಳು ಬಂದವು. ಒಂದು ವಿಷಯ ಗಮನಿಸಿ. ಟಾಮ್ ಮತ್ತು ಜೆರ್ರಿ ಮಾತಾಡುವುದೇ ಅಪರೂಪ. ಸ್ಕಾಟ್ ಬ್ರಾಡ್ಲೆ ಅವರ ಸಂಗೀತ, ಬಿದ್ದ ಸದ್ದು, ಒಡೆದ ಸದ್ದು, ಟಾಮ್‌ನ ಕಿರುಚಾಟ, ಇಷ್ಟೇ. ಎಲ್ಲವನ್ನೂ ಚಿತ್ರವೇ ಹೇಳುತ್ತದೆ. ಅದಕ್ಕಾಗಿಯೇ ಯಾವ ದೇಶದ, ಯಾವ ಭಾಷೆಯ ಮಗುವಾದರೂ ಅದನ್ನು ನೋಡಿ ನಗುತ್ತದೆ.

ಮುಚ್ಚಿದ ಬಾಗಿಲು, ತೆರೆದ ಬಾಗಿಲು

1950ರ ದಶಕದಲ್ಲಿ ಅಮೇರಿಕೆಯ ಮನೆಮನೆಗೆ ಟಿ.ವಿ. ಬಂತು. ಚಿತ್ರಮಂದಿರಕ್ಕೆ ಹೋಗುವ ಜನ ಕಡಿಮೆಯಾದರು. ಅದಕ್ಕೂ ಮೊದಲು, 1948ರಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ಸಿನಿಮಾ ಕಂಪನಿಗಳ ವಿರುದ್ಧ ಒಂದು ತೀರ್ಪು ಕೊಟ್ಟಿತ್ತು. ದೊಡ್ಡ ಸಿನಿಮಾದ ಜೊತೆಗೆ ಬೇರೆ ಚಿತ್ರಗಳನ್ನೂ ಗಂಟುಹಾಕಿ ಚಿತ್ರಮಂದಿರಗಳಿಗೆ ಮಾರುವ ಪದ್ಧತಿಗೆ ಅದರಿಂದ ಪೆಟ್ಟು ಬಿತ್ತು. ದೊಡ್ಡ ಸಿನಿಮಾದ ಮೊದಲು ತೋರಿಸುವ ಕಿರು ಕಾರ್ಟೂನಿಗೆ ಸಿಗುವ ಹಣವೂ ಇಳಿಯಿತು. ಇತ್ತ ಎಂ.ಜಿ.ಎಂ. ಕಂಪನಿಯ ಲೆಕ್ಕದವರು ಒಂದು ಸಂಗತಿ ಕಂಡುಕೊಂಡರು. ಹಳೆಯ ಕಾರ್ಟೂನುಗಳನ್ನೇ ಮತ್ತೆ ಬಿಡುಗಡೆ ಮಾಡಿದರೆ ಹೊಸದಕ್ಕೆ ಬರುವಷ್ಟೇ ಹಣ ಹೆಚ್ಚುಕಡಿಮೆ ಬರುತ್ತದೆ! ಹಾಗಾದರೆ ಹೊಸದನ್ನು ಯಾಕೆ ಮಾಡಬೇಕು? 1957ರ ಮೇ ತಿಂಗಳಲ್ಲಿ ಅಲ್ಲಿಯ ಕಾರ್ಟೂನ್ ವಿಭಾಗವನ್ನು ಮುಚ್ಚಿಬಿಟ್ಟರು. ಏಳು ಆಸ್ಕರ್ ತಂದವರು ಕೆಲಸ ಕಳೆದುಕೊಂಡರು. ಮುಗಿಸಿಟ್ಟಿದ್ದ ಟಾಮ್ ಅಂಡ್ ಜೆರ್ರಿ ಚಿತ್ರಗಳು ಮಾತ್ರ 1958ರವರೆಗೆ ಒಂದೊಂದಾಗಿ ಬಿಡುಗಡೆಯಾದವು.

ಹ್ಯಾನಾ ಮತ್ತು ಬಾರ್ಬೆರಾ ಕೈಕಟ್ಟಿ ಕೂರಲಿಲ್ಲ. ಅದೇ ವರ್ಷ ಜುಲೈಯಲ್ಲಿ ತಮ್ಮದೇ ಸ್ವಂತ ಕಂಪನಿ ತೆರೆದರು. ಯಾವ ಟಿ.ವಿ. ಅವರ ಅನ್ನ ಕಸಿದುಕೊಂಡಿತ್ತೋ ಅದೇ ಟಿ.ವಿ.ಗೆ ಕಾರ್ಟೂನು ಮಾಡಿಕೊಡುತ್ತೇವೆಂದು ಹೊರಟರು. 1957ರ ಡಿಸೆಂಬರ್ 14ರ ಶನಿವಾರ ಬೆಳಿಗ್ಗೆ ಎನ್.ಬಿ.ಸಿ. ವಾಹಿನಿಯಲ್ಲಿ ಅವರ ಮೊದಲ ಕಾರ್ಯಕ್ರಮ 'ರಫ್ ಅಂಡ್ ರೆಡ್ಡಿ' ಬಂತು. ರಫ್ ಎಂಬುದು ಬೆಕ್ಕು, ರೆಡ್ಡಿ ಎಂಬುದು ನಾಯಿ. ಟಿ.ವಿ.ಗಾಗಿಯೇ ಮಾಡಿದ ಮೊದಲ ಕಾರ್ಟೂನು ಇದಲ್ಲ, ಇದಕ್ಕೂ ಮೊದಲು 'ಕ್ರುಸೇಡರ್ ರ್ಯಾಬಿಟ್' ಎಂಬ ಮೊಲದ ಮಾಲಿಕೆ ಬಂದಿತ್ತು. ಆದರೆ ಈ ಕಂಪನಿಯಿಂದಲೇ ಮುಂದೆ 'ಯೋಗಿ ಬೇರ್', 1960ರಲ್ಲಿ 'ಫ್ಲಿಂಟ್‌ಸ್ಟೋನ್ಸ್', 1969ರಲ್ಲಿ 'ಸ್ಕೂಬಿ-ಡೂ' ಬಂದವು. ಟಿ.ವಿ. ಕಾರ್ಟೂನು ಒಂದು ದೊಡ್ಡ ಉದ್ಯಮವಾಗಿ ಬೆಳೆದದ್ದು ಇವರಿಂದ.

ಚಿತ್ರ ಕಡಿಮೆ, ಮಾತು ಜಾಸ್ತಿ

ಟಿ.ವಿ.ಯವರು ಕೊಡುತ್ತಿದ್ದ ಹಣ ಸಿನಿಮಾದವರು ಕೊಡುತ್ತಿದ್ದುದರ ಒಂದು ಸಣ್ಣ ಪಾಲು ಮಾತ್ರ. ಆ ಹಣದಲ್ಲಿ ಸಾವಿರಗಟ್ಟಲೆ ಚಿತ್ರ ಬರೆಯುವುದು ಸಾಧ್ಯವೇ ಇರಲಿಲ್ಲ. ಹಾಗಾಗಿ ಅವರು ಒಂದು ಉಪಾಯ ಮಾಡಿದರು. ಪ್ರಾಣಿಯ ಮೈಯನ್ನು ಒಂದು ಹಾಳೆಯ ಮೇಲೆ, ತಲೆಯನ್ನು ಇನ್ನೊಂದರ ಮೇಲೆ, ಬಾಯಿಯನ್ನು ಮತ್ತೊಂದರ ಮೇಲೆ ಬರೆದರು. ಮೈ ಅಲುಗದೆ ನಿಂತಿರುತ್ತದೆ, ಬಾಯಿ ಮಾತ್ರ ಬದಲಾಗುತ್ತದೆ. ಯೋಗಿ ಕರಡಿಯ ಕೊರಳಲ್ಲಿ ಕಾಲರು, ಟೈ ಇರುವುದು ಬರೇ ಅಂದಕ್ಕಲ್ಲ. ತಲೆ ಮತ್ತು ಮೈ ಸೇರುವ ಜಾಗದ ಗೆರೆ ಅದರಿಂದ ಮರೆಯಾಗುತ್ತದೆ! ಓಡುವಾಗ ಹಿಂದಿನ ಮರ, ಮನೆಗಳು ಮತ್ತೆ ಮತ್ತೆ ಅವೇ ಬರುತ್ತವೆ.

ಕಡಿಮೆ ಚಿತ್ರದಲ್ಲಿ ಕಾರ್ಟೂನು ಮಾಡುವ ಈ ವಿಧಾನ ಇವರು ಕಂಡುಹಿಡಿದದ್ದಲ್ಲ. ಯು.ಪಿ.ಎ. ಎಂಬ ಸ್ಟುಡಿಯೋದ ಕಲಾವಿದರು ಅದನ್ನು ಮೊದಲೇ ಒಂದು ಶೈಲಿಯಾಗಿ ಬೆಳೆಸಿದ್ದರು. 1957ರ ಮಾರ್ಚಿನಲ್ಲಿ ನಡೆದ ಆಸ್ಕರ್ ಸಮಾರಂಭದಲ್ಲಿ ಕಿರು ಕಾರ್ಟೂನ್ ಸ್ಪರ್ಧೆಗಿದ್ದ ಮೂರಕ್ಕೆ ಮೂರೂ ಚಿತ್ರಗಳು ಯು.ಪಿ.ಎ. ಸ್ಟುಡಿಯೋದವೇ. ಅವರಿಗೆ ಅದು ಕಲೆಯ ಆಯ್ಕೆ, ಹ್ಯಾನಾ-ಬಾರ್ಬೆರಾ ಅವರಿಗೆ ಹೊಟ್ಟೆಪಾಡಿನ ದಾರಿ.

ಆದರೆ ಕೈಕಾಲು ಆಡದ ಪ್ರಾಣಿ ಮಗುವನ್ನು ಹೇಗೆ ಹಿಡಿದಿಡಬೇಕು? ಮಾತಿನಿಂದ. ಕಥೆಯನ್ನು ಈಗ ನಿರೂಪಕ ಹೇಳಬೇಕು, ತಮಾಷೆಯನ್ನು ಸಂಭಾಷಣೆ ಹೇಳಬೇಕು. ಆದ್ದರಿಂದ ಡಾಸ್ ಬಟ್ಲರ್, ಡಾನ್ ಮೆಸಿಕ್ ಎಂಬ ಇಬ್ಬರು ಧ್ವನಿ ಕಲಾವಿದರು ಈ ಕಂಪನಿಗೆ ಚಿತ್ರಕಾರರಷ್ಟೇ ಮುಖ್ಯರಾದರು. ಕಣ್ಣಿಂದ ನೋಡುತ್ತಿದ್ದ ಕಾರ್ಟೂನು ಕಿವಿಯಿಂದ ಕೇಳುವ ಕಾರ್ಟೂನಾಯಿತು. ನಮ್ಮ ಮಟ್ಟಿಗೆ 1957ರ ದೊಡ್ಡ ಬದಲಾವಣೆ ಇದೇ.

ಅದೇ ವರ್ಷ ಬೇರೆ ಕಡೆ

ಹಳೆಯ ಕಲೆ ಅಷ್ಟು ಸುಲಭವಾಗಿ ಸಾಯಲಿಲ್ಲ. ಜುಲೈ 6ರಂದು ವಾರ್ನರ್ ಸ್ಟುಡಿಯೋದ ಚಕ್ ಜೋನ್ಸ್ ಅವರ 'ವಾಟ್ಸ್ ಒಪೆರಾ, ಡಾಕ್?' ಬಿಡುಗಡೆಯಾಯಿತು. ಬಗ್ಸ್ ಬನ್ನಿ ಮೊಲ ಮತ್ತು ಅದನ್ನು ಬೇಟೆಯಾಡುವ ಎಲ್ಮರ್ ಇಬ್ಬರೂ ಜರ್ಮನಿಯ ಸಂಗೀತಗಾರ ವಾಗ್ನರ್‌ನ ಸಂಗೀತ ನಾಟಕದ ಪಾತ್ರಗಳಾಗಿ ಹಾಡುವ, ಏಳು ನಿಮಿಷಕ್ಕೂ ಕಡಿಮೆ ಅವಧಿಯ ಚಿತ್ರವದು. ಇದಕ್ಕೆ ಕೊಟ್ಟ ಸಮಯ ಸಾಲದೆ, ಬೇರೊಂದು ಕಾರ್ಟೂನಿನ ಲೆಕ್ಕದಲ್ಲಿ ಸಮಯ ತೋರಿಸಿ ಇದರ ಕೆಲಸ ಮಾಡಿದರಂತೆ. 1992ರಲ್ಲಿ ಅಮೇರಿಕೆಯ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಇದು ಸೇರಿತು. 1994ರಲ್ಲಿ ಅನಿಮೇಷನ್ ಕ್ಷೇತ್ರದವರು ಆರಿಸಿದ 50 ಶ್ರೇಷ್ಠ ಕಾರ್ಟೂನುಗಳಲ್ಲಿ ಇದಕ್ಕೇ ಮೊದಲ ಸ್ಥಾನ ಸಿಕ್ಕಿತು.

ಕೆನಡಾದಲ್ಲಿ ನಾರ್ಮನ್ ಮೆಕ್‌ಲಾರೆನ್ ಮತ್ತು ಕ್ಲೋಡ್ ಜುತ್ರಾ ಸೇರಿ 'ಎ ಚೇರಿ ಟೇಲ್' ಮಾಡಿದರು. ಇದರಲ್ಲಿ ಬರೆದ ಚಿತ್ರವಿಲ್ಲ, ನಿಜವಾದ ಮನುಷ್ಯ, ನಿಜವಾದ ಕುರ್ಚಿ. ಒಬ್ಬ ಯುವಕ ಪುಸ್ತಕ ಓದಲು ಕುರ್ಚಿಯ ಮೇಲೆ ಕೂರಲು ಹೋಗುತ್ತಾನೆ, ಕುರ್ಚಿ ಕೂರಗೊಡುವುದಿಲ್ಲ. ಎಳೆದಾಡುತ್ತಾನೆ, ಗುದ್ದಾಡುತ್ತಾನೆ, ಪುಸಲಾಯಿಸುತ್ತಾನೆ. ಕೊನೆಗೆ ಕುರ್ಚಿಯನ್ನೇ ತನ್ನ ಮೇಲೆ ಕೂರಿಸಿಕೊಂಡ ಮೇಲೆ ಅದು ಒಪ್ಪುತ್ತದೆ. ಒಂದೂ ಮಾತಿಲ್ಲ. ಇದಕ್ಕೆ ಸಂಗೀತ ಕೊಟ್ಟವರು ಯಾರು ಗೊತ್ತೆ? ನಮ್ಮ ಪಂಡಿತ್ ರವಿಶಂಕರ್. ತಬಲಾದಲ್ಲಿ ಚತುರಲಾಲ್. ಸಿತಾರು ಮುನಿಸಿಕೊಂಡಾಗ ಕುರ್ಚಿ ಮುನಿಸಿಕೊಂಡಂತೆಯೇ ಕೇಳಿಸುತ್ತದೆ.

ಸೋವಿಯತ್ ದೇಶದಲ್ಲಿ ಲೆವ್ ಅತಮಾನೊವ್ ಅವರ 'ಹಿಮರಾಣಿ' ಬಂದದ್ದೂ 1957ರಲ್ಲೇ. ಆಂಡರ್ಸನ್ ಬರೆದ ಕಥೆ ಅದು. ಹಿಮರಾಣಿ ಹೊತ್ತೊಯ್ದ ಗೆಳೆಯನನ್ನು ಹುಡುಕಿಕೊಂಡು ಗೆರ್ಡಾ ಎಂಬ ಬಾಲಕಿ ಒಬ್ಬಳೇ ಹೊರಡುತ್ತಾಳೆ. ಮುಂದೆ ಜಪಾನಿನ ಹಯಾವೊ ಮಿಯಾಜಾಕಿ ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ನೋಡಿ, ಈ ಕಸುಬಿನಲ್ಲೇ ಉಳಿಯಬೇಕೆಂದು ಮನಸ್ಸು ಮಾಡಿದರು. ಇದನ್ನು ಅವರೇ ಹೇಳಿಕೊಂಡಿದ್ದಾರೆ.

ಮುಂಬಯಿಯ ಜಿಂಕೆ

ಈಗ ನಮ್ಮ ದೇಶಕ್ಕೆ ಬರೋಣ. 1957ರಲ್ಲಿ ಭಾರತದಲ್ಲಿ ಟಿ.ವಿ. ಇರಲೇ ಇಲ್ಲ. ದಿಲ್ಲಿಯಲ್ಲಿ ಅದು ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು. ಆದರೆ ಟಾಕೀಸುಗಳಲ್ಲಿ ಸಿನಿಮಾ ಶುರುವಾಗುವ ಮೊದಲು ಸರ್ಕಾರದ ಫಿಲ್ಮ್ಸ್ ಡಿವಿಷನ್ ತಯಾರಿಸಿದ ಕಿರುಚಿತ್ರ ತೋರಿಸಲೇಬೇಕಿತ್ತು. ನಮ್ಮ ಹಿರಿಯರಿಗೆ ಇದು ಚೆನ್ನಾಗಿ ನೆನಪಿದೆ. ಆ ಫಿಲ್ಮ್ಸ್ ಡಿವಿಷನ್ನಿನ ಮುಂಬಯಿ ಕಚೇರಿಯಲ್ಲಿ 1956ರಲ್ಲಿ ಕಾರ್ಟೂನ್ ಘಟಕ ಆರಂಭವಾಯಿತು. ಕಲಿಸಲು ಬಂದವರು ಕ್ಲೇರ್ ವೀಕ್ಸ್. ಕ್ರೈಸ್ತ ಮಿಷನರಿಗಳ ಮಗನಾಗಿ ಭಾರತದಲ್ಲೇ ಹುಟ್ಟಿದವರು, ಮುಂದೆ ಡಿಸ್ನಿ ಸ್ಟುಡಿಯೋ ಸೇರಿ 'ಬ್ಯಾಂಬಿ' ಎಂಬ ಜಿಂಕೆಮರಿಯ ಚಿತ್ರಕ್ಕೆ ದುಡಿದವರು. ಅವರ ಕೈಕೆಳಗೆ ಕಲಿತ ನಮ್ಮ ತರುಣರು ಮಾಡಿದ ಬಣ್ಣದ ಕಾರ್ಟೂನು 'ದಿ ಬ್ಯಾನಿಯನ್ ಡೀರ್'. ಅದೂ ಜಿಂಕೆಯ ಕಥೆಯೇ!

ಇದು ಜಾತಕ ಕಥೆ, ನ್ಯಗ್ರೋಧಮೃಗ ಜಾತಕ. ನ್ಯಗ್ರೋಧ ಎಂದರೆ ಆಲದ ಮರ. ಕಾಶಿಯ ಅರಸನ ಉದ್ಯಾನದಲ್ಲಿ ಎರಡು ಜಿಂಕೆ ಹಿಂಡುಗಳು ಸಿಕ್ಕಿಬಿದ್ದಿರುತ್ತವೆ. ದಿನಕ್ಕೊಂದು ಜಿಂಕೆ ಸರದಿಯ ಪ್ರಕಾರ ಅರಸನ ಅಡುಗೆಮನೆಗೆ ಹೋಗಬೇಕೆಂದು ಒಪ್ಪಂದವಾಗುತ್ತದೆ. ಒಂದು ದಿನ ಬಸುರಿ ಜಿಂಕೆಯ ಸರದಿ ಬರುತ್ತದೆ. ಅದರ ಹಿಂಡಿನ ನಾಯಕ ಕರುಣೆ ತೋರುವುದಿಲ್ಲ. ಇನ್ನೊಂದು ಹಿಂಡಿನ ನಾಯಕನಾದ ನ್ಯಗ್ರೋಧನು ಅದರ ಬದಲು ತಾನೇ ಹೋಗಿ ಕೊರಳು ಚಾಚುತ್ತಾನೆ. ಅರಸನ ಮನಸ್ಸು ಕರಗುತ್ತದೆ. ಹತ್ತು ವರ್ಷದ ಸ್ವತಂತ್ರ ಭಾರತ ತನ್ನ ಮಕ್ಕಳಿಗೆ ಬಣ್ಣದ ಕಾರ್ಟೂನು ಮಾಡಹೊರಟಾಗ ಈ ಕಥೆಯನ್ನು ಆರಿಸಿತು ಎಂಬುದು ನಮಗೆ ಹೆಮ್ಮೆಯ ವಿಷಯ.

ಆ ಘಟಕದಲ್ಲಿ ಪಳಗಿದವರಲ್ಲಿ ರಾಮ್ ಮೋಹನ್ ಒಬ್ಬರು. ಭಾರತೀಯ ಅನಿಮೇಷನ್ನಿನ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ಜಪಾನಿನ ಯುಗೊ ಸಾಕೊ ಅವರ ಜೊತೆ ಸೇರಿ ಅನಿಮೇಷನ್ ರಾಮಾಯಣವನ್ನು ನಿರ್ದೇಶಿಸಿದವರು ಇವರೇ. 2019ರಲ್ಲಿ ತೀರಿಕೊಂಡರು. ಒಗ್ಗಟ್ಟಿನ ಪಾಠ ಹೇಳುವ 'ಏಕ್ ಅನೇಕ್ ಔರ್ ಏಕತಾ' ಎಂಬ ಕಾರ್ಟೂನು 1974ರಲ್ಲಿ ಬಂದದ್ದೂ ಫಿಲ್ಮ್ಸ್ ಡಿವಿಷನ್ನಿನಿಂದಲೇ. 2022ರಲ್ಲಿ ಆ ಸಂಸ್ಥೆಯನ್ನು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನ ಮಾಡಲಾಯಿತು.

ಯಾರ ಭಾಷೆಯ ಮಾತು?

ಈಗ ಮೊದಲು ಹೇಳಿದ ಸಂಬಂಧಕ್ಕೆ ಬರುತ್ತೇವೆ. ಕಾರ್ಟೂನು ಕಣ್ಣಿಗೆ ಮಾತ್ರ ಹೇಳುತ್ತಿದ್ದ ತನಕ ಅದು ಎಲ್ಲ ಮಕ್ಕಳದ್ದಾಗಿತ್ತು. ಮಾತು ಹೆಚ್ಚಿದ ಮೇಲೆ, ಯಾವ ಭಾಷೆಯ ಮಾತು ಎಂಬ ಪ್ರಶ್ನೆ ಬಂತು. ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂಬ ಕಟ್ಟು ಕರ್ನಾಟಕದಲ್ಲಿ ದಶಕಗಳ ಕಾಲ ಇತ್ತು. ಚಿಕ್ಕದಾಗಿದ್ದ ಕನ್ನಡ ಚಿತ್ರರಂಗ ಮತ್ತು ಅದನ್ನು ನಂಬಿದ ಕಲಾವಿದರು ಉಳಿಯಲಿ ಎಂಬುದು ಅದರ ಉದ್ದೇಶ. ಆ ಕಳಕಳಿ ಸುಳ್ಳಲ್ಲ. ಆದರೆ ದೊಡ್ಡವರ ಸಿನಿಮಾಕ್ಕೆ ಹಾಕಿದ ಬೇಲಿಯಿಂದ ಮಕ್ಕಳ ಕಾರ್ಟೂನೂ ಹೊರಗೇ ಉಳಿಯಿತು. ಕನ್ನಡದಲ್ಲಿ ಮಕ್ಕಳಿಗಾಗಿಯೇ 'ಚಿಂಟು ಟಿ.ವಿ.' ವಾಹಿನಿ ಬಂದದ್ದು 2009ರಲ್ಲಿ. ಡಬ್ಬಿಂಗ್ ತಡೆಯುವುದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟದ್ದು 2015ರಲ್ಲಿ. ಅಷ್ಟರೊಳಗೆ ಕಾರ್ಟೂನೆಂದರೆ ಹಿಂದಿ ಅಥವಾ ಇಂಗ್ಲಿಷು ಎಂದುಕೊಂಡೇ ಒಂದು ಪೀಳಿಗೆ ಬೆಳೆದುಬಿಟ್ಟಿತು.

ಗಡಿಯಾಚೆ ಇದರ ಪೆಟ್ಟು ಇನ್ನೂ ಜಾಸ್ತಿ. ನಮ್ಮ ಅಕ್ಕಲಕೋಟೆ ಕಡೆಯ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಟಿ.ವಿ.ಯಲ್ಲಿ ಹಿಂದಿ. ಆಟವಾಡುವಾಗ ಕಾರ್ಟೂನಿನ ವೀರನ ಹಾಗೆ ಕೂಗಬೇಕಾದರೆ ಅವರಿಗೆ ಹಿಂದಿಯೇ ಬಾಯಿಗೆ ಬರುತ್ತದೆ. ಹಿಂದಿ ಬರುವುದು ಒಳ್ಳೆಯದೇ. ಆದರೆ ವೀರನ ಮಾತೆಲ್ಲ ಪರಭಾಷೆ, ಕನ್ನಡವೆಂದರೆ ಬರೇ ಅವ್ವ ಬೈಯುವ ಮಾತು ಎಂದು ಮಗುವಿಗೆ ಅನಿಸತೊಡಗಿದರೆ, ಅಂಥ ಮಗು ನಾಳೆ ಕನ್ನಡ ಶಾಲೆಯ ಪಟಕ್ಕೆ ಬಂದರೂ ಮನಸ್ಸಿನಿಂದ ಬಂದಿರುವುದಿಲ್ಲ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಹಣವೂ ಬೇಕಿಲ್ಲ. ಮಾತಿಲ್ಲದ ಒಂದು ಕಾರ್ಟೂನನ್ನೋ, ಮಾತಿರುವುದಾದರೆ ಧ್ವನಿ ಬಂದುಮಾಡಿಯೋ ಮಕ್ಕಳಿಗೆ ತೋರಿಸಿ, ಆಮೇಲೆ ಅದಕ್ಕೆ ಕನ್ನಡದಲ್ಲಿ ಮಾತು ಬರೆಯಲು ಹೇಳಿ. ನಾವು ನಾಲ್ಕನೆಯ ಇಯತ್ತೆಯಲ್ಲಿ ಕುರ್ಚಿಯ ಚಿತ್ರ ತೋರಿಸಿ ಹೀಗೆ ಮಾಡಿಸಿದ್ದೇವೆ. "ನಾ ಏನ್ ಬರೇ ಕುಂದ್ರಾಕಷ್ಟ ಅದೀನೇನು? ನನಗೂ ಕಾಲ್ ನೋಯ್ತಾವ" ಎಂದು ಕುರ್ಚಿಯ ಬಾಯಿಂದ ಹೇಳಿಸಿದ ಹುಡುಗಿ, ಪಾಠದ ಪ್ರಶ್ನೆಗೆ ಒಂದು ಸಾಲು ಉತ್ತರ ಬರೆಯಲೂ ಒದ್ದಾಡುತ್ತಿದ್ದವಳು. ಅಂದು ಎರಡು ಪುಟ ಬರೆದಳು. ಮುಂದಿನ ತಿಂಗಳು ಆಲದ ಜಿಂಕೆಯ ಕಥೆಯನ್ನು ಇದೇ ರೀತಿ ಮಾಡಿಸುವ ವಿಚಾರವಿದೆ. ನಿಮ್ಮ ಶಾಲೆಗಳಲ್ಲಿಯೂ ಮಾಡಿ ನೋಡಿ, ಮಕ್ಕಳು ಏನು ಬರೆದರೆಂದು ನಮಗೂ ತಿಳಿಸಿರಿ.